ಕಡೆಗಣಿಸಲ್ಪಟ್ಟ ಆಲ್ಬಮ್ಮನ್ನು ಮರಳಿ ಕೇಳುವ ಬಗೆ: ಲೆಡ್ ಜೆಪ್ಪೆಲಿನ್‌ನ ‘ಪ್ರೆಸೆನ್ಸ್’

ಹಿರಿಯ ರಾಕ್ ತಂಡವೊಂದರ ಕಡೆಗಣಿಸಲ್ಪಟ್ಟ ಆಲ್ಬಮ್ಮಿಗೆ ಹೊಸದಾಗಿ ಬೆಲೆ ಕಟ್ಟಲು ಹೊರಟವರು ಮೊದಲು ಬಿಡಬೇಕಾದದ್ದು, ಅದರಲ್ಲಿ ಏನಿಲ್ಲವೆಂದು ಎಣಿಸುವ ಅಭ್ಯಾಸವನ್ನು. ಬ್ರಿಟನ್ನಿನ ರಾಕ್ ತಂಡ ಲೆಡ್ ಜೆಪ್ಪೆಲಿನ್ 1976ರ ಮಾರ್ಚ್ ಕೊನೆಯಲ್ಲಿ ಹೊರತಂದ ‘ಪ್ರೆಸೆನ್ಸ್’ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತ್ತು. ಆದರೂ ಹಿಂದಿನ ವರ್ಷದ, ಎರಡು ತಟ್ಟೆಗಳ ಆಲ್ಬಂ ‘ಫಿಸಿಕಲ್ ಗ್ರಾಫಿಟಿ’ಯ ವೈವಿಧ್ಯ ಇದರಲ್ಲಿಲ್ಲ, ಕೀಬೋರ್ಡ್ ಇಲ್ಲ ಎಂಬ ದೂರುಗಳು ಅದಕ್ಕೆ ಅಂಟಿಕೊಂಡೇ ಉಳಿದವು.

ಕೇಳುವ ಮೊದಲು ಅದು ತಯಾರಾದ ಸನ್ನಿವೇಶವನ್ನು ತಿಳಿದುಕೊಳ್ಳಬೇಕು. 1975ರ ಆಗಸ್ಟ್‌ನಲ್ಲಿ ಗ್ರೀಸಿನ ರೋಡ್ಸ್ ದ್ವೀಪದಲ್ಲಿ ನಡೆದ ಕಾರು ಅಪಘಾತದಲ್ಲಿ ಗಾಯಕ ರಾಬರ್ಟ್ ಪ್ಲಾಂಟ್ ತೀವ್ರವಾಗಿ ಗಾಯಗೊಂಡಿದ್ದರು. ನವೆಂಬರ್‌ನಲ್ಲಿ ಮ್ಯೂನಿಕ್ಕಿನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೊದಲ್ಲಿ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಹಾಡಿದರು. ಈ ತಂಡದ ಬೆನ್ನಿಗೇ ಅದೇ ಸ್ಟುಡಿಯೊವನ್ನು ರೋಲಿಂಗ್ ಸ್ಟೋನ್ಸ್ ತಂಡಕ್ಕೆ ಕಾದಿರಿಸಲಾಗಿದ್ದುದರಿಂದ, ಧ್ವನಿಮುದ್ರಣ ಮತ್ತು ಮಿಕ್ಸಿಂಗ್ (ಮುದ್ರಿಸಿದ ದನಿಗಳನ್ನು ಹದವಾಗಿ ಬೆರೆಸುವ ಕೆಲಸ) ಎರಡೂ ಸುಮಾರು 18 ದಿನಗಳಲ್ಲಿ ಮುಗಿಯಬೇಕಾಯಿತು. ಇದನ್ನು ರಿಯಾಯಿತಿ ಅಂಕ ಕೊಡುವುದಕ್ಕಾಗಿ ಹೇಳುತ್ತಿಲ್ಲ. ಆಲ್ಬಮ್ಮಿನ ಒಣ, ಬಿಗಿಯಾದ ನಾದ ಎಲ್ಲಿಂದ ಬಂತೆಂಬುದು ಇದರಿಂದ ತಿಳಿಯುತ್ತದೆ.

ಅನಂತರ ಏಳೂ ಹಾಡುಗಳನ್ನು ಒಂದೇ ಸಲ ಕುಳಿತು, ಎಲ್‌ಪಿಯ (ಮೂಲ ಗ್ರಾಮಫೋನ್ ತಟ್ಟೆಯ) ಕ್ರಮದಲ್ಲಿಯೇ ಕೇಳಬೇಕು. ಎರಡನೆಯ ಸಲ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ವಾದ್ಯವನ್ನು ಹಿಂಬಾಲಿಸಬೇಕು. ಹತ್ತು ನಿಮಿಷ ಮೀರುವ ‘ಅಕಿಲೀಸ್ ಲಾಸ್ಟ್ ಸ್ಟ್ಯಾಂಡ್’ನಲ್ಲಿ ಜಾನ್ ಪಾಲ್ ಜೋನ್ಸ್ ಅವರ ಎಂಟು ತಂತಿಯ ಬೇಸ್ ಗಿಟಾರಿನ ನಾಗಾಲೋಟ, ಅದರ ಜೊತೆಗೆ ಜಾನ್ ಬಾನಮ್ ಅವರ ಡ್ರಮ್ಸ್, ಅವೆರಡರ ಮೇಲೆ ಜಿಮ್ಮಿ ಪೇಜ್ ಪದರಪದರವಾಗಿ ಕೂಡಿಸಿದ ಗಿಟಾರುಗಳು: ಇಷ್ಟನ್ನು ಬೇರೆಬೇರೆಯಾಗಿ ಗುರುತಿಸಿದವರಿಗೆ, ಬೇರೊಂದು ಆಲ್ಬಮ್ಮಿನಲ್ಲಿ ವಾದ್ಯವೃಂದ ಮಾಡಬಹುದಾಗಿದ್ದ ಕೆಲಸವನ್ನು ಇಲ್ಲಿ ಗಿಟಾರೇ ಮಾಡುತ್ತಿದೆ ಎಂಬುದು ತಾನಾಗಿ ಕೇಳಿಸುತ್ತದೆ. ‘ಫಾರ್ ಯುವರ್ ಲೈಫ್’ನಲ್ಲಿ ಗಮನಿಸಬೇಕಾದದ್ದು ಸ್ವರಗಳ ನಡುವಿನ ಬಿಡುವುಗಳನ್ನು. ಆ ಹಾಡನ್ನು ಮೆಚ್ಚಲು ನನಗೆ ನಾಲ್ಕೈದು ಸಲ ಕೇಳಬೇಕಾಯಿತು.

ಹೋಲಿಕೆಯನ್ನು ಪೂರ್ತಿ ಬಿಡಬೇಕಿಲ್ಲ; ಹಾಡಿಗೆ ಹಾಡನ್ನು ಹೋಲಿಸಿದರೆ ಸಾಕು. ಆಲ್ಬಮ್ಮಿನ ಕೊನೆಯ ಹಾಡಾದ, ನಿಧಾನಗತಿಯ ಬ್ಲೂಸ್ ಶೈಲಿಯ ‘ಟೀ ಫಾರ್ ಒನ್’ ಅನ್ನು ಇದೇ ತಂಡದ 1970ರ ‘ಸಿನ್ಸ್ ಐವ್ ಬೀನ್ ಲವಿಂಗ್ ಯು’ ಜೊತೆಗಿಟ್ಟು ಕೇಳಬಹುದು. ಹಿಂದಿನದರಲ್ಲಿ ಆರ್ಗನ್ ಗಾಯಕನಿಗೆ ಒತ್ತಾಸೆಯಾಗಿ ನಿಂತಿತ್ತು. ಇಲ್ಲಿ ಆ ಆಸರೆ ಇಲ್ಲದ ಕಾರಣ ಒಂಟಿತನ ಪದಗಳಲ್ಲಿ ಮಾತ್ರವಲ್ಲ, ವಾದ್ಯಸಂಯೋಜನೆಯಲ್ಲೂ ಇದೆ.

ಮರುಮೌಲ್ಯಮಾಪನವೆಂದರೆ ವಕಾಲತ್ತಲ್ಲ. ‘ಕ್ಯಾಂಡಿ ಸ್ಟೋರ್ ರಾಕ್’ ನನಗೆ ಇಂದಿಗೂ ತೆಳುವಾಗಿಯೇ ಕೇಳುತ್ತದೆ. ಪ್ಲಾಂಟ್ ಅವರ ದನಿ ಕೆಲವೆಡೆ ಸೊರಗಿರುವುದೂ ನಿಜ. ಅವನ್ನು ಹಾಗೆಯೇ ಬರೆದಿಟ್ಟುಕೊಳ್ಳಬೇಕು.

2015ರ ಮರುಬಿಡುಗಡೆಯ ಹೆಚ್ಚುವರಿ ಡಿಸ್ಕನ್ನು ಕಡೆಗೆ ಕೇಳುವುದು ಒಳ್ಳೆಯದು. ಅದರಲ್ಲಿ ಜೋನ್ಸ್ ಪಿಯಾನೊ ನುಡಿಸಿರುವ, ಹಾಡುಗಾರಿಕೆಯಿಲ್ಲದ ರಚನೆಯೊಂದಿದೆ. ಅದು ಸೊಗಸಾಗಿಯೇ ಇದೆ, ಆದರೆ 1976ರ ಆಲ್ಬಮ್ಮಿನಲ್ಲಿ ಅದಕ್ಕೆ ಎಡೆ ಸಿಗಲಿಲ್ಲ. ಆ ಏಳು ಹಾಡುಗಳ ನಡುವೆ ಅದನ್ನು ಎಲ್ಲಿ ಸೇರಿಸಬಹುದಿತ್ತೆಂದು ಹುಡುಕಿದರೆ ನನಗಂತೂ ಜಾಗ ಕಾಣುವುದಿಲ್ಲ.