ಬ್ರೆಡ್‌ಬೋರ್ಡ್‌ನಿಂದ ಜೀರೋ ಪಿಸಿಬಿಗೆ: ತೋಟದ ಮಳೆಮಾಪಕ ಕಟ್ಟಿದ ಅನುಭವ

ತೀರ್ಥಹಳ್ಳಿ ಸುತ್ತಮುತ್ತಲ ಅಡಿಕೆ ತೋಟದವರಿಗೆ ಮಳೆ ಲೆಕ್ಕ ಬೇಕೇ ಬೇಕು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದ ಮೇಲೆ 40–45 ದಿನಕ್ಕೆ ಇನ್ನೊಂದು ಸಲ ಹೊಡೆಯುವುದು ರೂಢಿ. ಮಳೆ ಬಿಡದೆ ಹಿಡಿದರೆ ಅಷ್ಟು ದಿನ ಕಾಯುವ ಹಾಗಿಲ್ಲ. ಹಾಗಾಗಿ ತಾನೇ ಎಣಿಸುವ ಮಳೆಮಾಪಕ ಮಾಡಲು ಕೂತೆ.

ಒಳಗಿನ ವ್ಯವಸ್ಥೆ ಸರಳ. 0.2 ಮಿ.ಮೀ. ಮಳೆ ಬಿದ್ದರೆ ಪುಟ್ಟ ತೊಟ್ಟಿ ಒಮ್ಮೆ ವಾಲುತ್ತದೆ. ಅದರ ಅಯಸ್ಕಾಂತ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಮುಚ್ಚಿಕೊಳ್ಳುವ ಸ್ವಿಚ್) ಎದುರು ಹಾದುಹೋಗುತ್ತದೆ. ಎಟಿಮೆಗಾ328ಪಿ ಎಂಬ, ಪ್ರೋಗ್ರಾಂ ಹಾಕಬಹುದಾದ ಚಿಪ್ (ಐಸಿ) ಅದನ್ನು ಎಣಿಸುತ್ತದೆ. ಸಮಯಕ್ಕೆ ಡಿಎಸ್3231 ಗಡಿಯಾರದ ಚಿಪ್, ತೋರಿಸಲು ಸಣ್ಣ ಎಲ್‌ಸಿಡಿ. ದಿನದ ಲೆಕ್ಕ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಹವಾಮಾನ ಇಲಾಖೆಯವರೂ ಹಾಗೇ ಮಾಡುತ್ತಾರೆ.

ಬೇಸಿಗೆಯಲ್ಲಿ, ಬೆಸುಗೆಯಿಲ್ಲದೆ ವೈರ್ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಮೇಲೆ ಎಲ್ಲ ಚೆನ್ನಾಗಿಯೇ ನಡೆಯಿತು. ಆದರೆ ಬ್ರೆಡ್‌ಬೋರ್ಡ್‌ನ ಒಳಗೆ ವೈರ್ ಹಿಡಿದುಕೊಂಡಿರುವುದು ಸಣ್ಣ ಸ್ಪ್ರಿಂಗ್ ಕ್ಲಿಪ್‌ಗಳ ಒತ್ತಡದಿಂದ ಮಾತ್ರ. ನಮ್ಮ ಮಳೆಗಾಲದ ತೇವಕ್ಕೆ ಲೋಹದ ಮೈ ಮಂಕಾಗುತ್ತದೆ, ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ. ಬೇರೆ ಕಡೆ ಆದರೆ ಪರವಾಗಿಲ್ಲ. ಇಲ್ಲಿ ರೀಡ್ ಸ್ವಿಚ್ಚಿನ ವೈರ್ ಒಮ್ಮೆ ಅಲ್ಲಾಡಿದರೂ ಐಸಿ ಪಾಲಿಗೆ ಅದು 0.2 ಮಿ.ಮೀ. ಮಳೆ. ಅಂಥ ಲೆಕ್ಕ ನಂಬಿ ಔಷಧಿ ಹೊಡೆಯಲು ಆಗುತ್ತದಾ? ಬೆಸುಗೆ ಹಾಕಲೇಬೇಕಿತ್ತು.

ನಾನು ಆರಿಸಿಕೊಂಡಿದ್ದು ಜೀರೋ ಪಿಸಿಬಿ, ಅಂದರೆ 2.54 ಮಿ.ಮೀ. ಅಂತರದಲ್ಲಿ ಬರೀ ತೂತು ಮತ್ತು ತಾಮ್ರದ ಚುಕ್ಕೆ ಇರುವ ಬೋರ್ಡು. ನಡೆಯುತ್ತಿದ್ದ ಬ್ರೆಡ್‌ಬೋರ್ಡನ್ನು ಬಿಚ್ಚಲಿಲ್ಲ. ಭಾಗಗಳನ್ನು ಹೊಸದಾಗಿ ತಂದೆ. ಸಂಶಯ ಬಂದಾಗ ಹೋಲಿಸಿ ನೋಡಲು ಒಂದು ನಡೆಯುವ ಸರ್ಕ್ಯೂಟ್ ಪಕ್ಕದಲ್ಲಿ ಇರಲೇಬೇಕು.

ಬ್ರೆಡ್‌ಬೋರ್ಡ್‌ನಲ್ಲಿ ಇದ್ದ ಹಾಗೇ ಜೋಡಿಸಬೇಕು ಅಂತೇನಿಲ್ಲ. ಗ್ರಾಫ್ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದು ತೂತು ಅಂತ ಹಿಡಿದು ಬರೆದೆ. ಒಂದು ಅಂಚಿನಲ್ಲಿ ಕರೆಂಟ್ ಬರುವ ಟರ್ಮಿನಲ್, ಎದುರು ಅಂಚಿನಲ್ಲಿ ರೀಡ್ ಸ್ವಿಚ್ಚಿನ ವೈರ್, ನಡುವೆ ಐಸಿ ಕೂರುವ ಬೇಸ್. ಐಸಿಗೆ ತಾಳ ಕೊಡುವ ಕ್ರಿಸ್ಟಲ್ ಮತ್ತು ಅದರ ಎರಡು 22 ಪಿಕೋಫ್ಯಾರಡ್ ಕೆಪಾಸಿಟರ್‌ಗಳು 9 ಮತ್ತು 10ನೇ ಪಿನ್ನಿಗೆ ತಾಗಿಕೊಂಡೇ ಇರಬೇಕು. ಕರೆಂಟಿನ ಏರಿಳಿತ ತಡೆಯಲು 7–8 ಪಿನ್ ನಡುವೆ ಒಂದು, 20–22 ನಡುವೆ ಇನ್ನೊಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಇವನ್ನು ದೂರ ಇಟ್ಟರೆ ಇದ್ದೂ ಪ್ರಯೋಜನ ಇಲ್ಲ.

ಬೆಸುಗೆ ಬೀಳುವುದು ಬೋರ್ಡಿನ ಕೆಳಮೈಗೆ. ಅಲ್ಲಿ ಎಡಬಲ ಅದಲುಬದಲು. ಅದಕ್ಕೆ ಆ ಹಾಳೆಯನ್ನು ತಿರುಗಿಸಿ ಕಿಟಕಿ ಗಾಜಿಗೆ ಒತ್ತಿ ಹಿಡಿದು, ಬೆಳಕಿನಲ್ಲಿ ಕಂಡ ಗೆರೆಗಳ ಮೇಲೆ ಹಿಂಬದಿಯಲ್ಲೂ ಪೆನ್ಸಿಲ್ ಎಳೆದು ಪಿನ್ ನಂಬರ್ ಬರೆದೆ. ಆಮೇಲೆ ಬೋರ್ಡ್ ಮಗುಚಿದಾಗಲೆಲ್ಲ ಹಾಳೆಯನ್ನೂ ಮಗುಚಿದರೆ ಆಯಿತು.

ನನ್ನದು 25 ವಾಟಿನ ಸಾಮಾನ್ಯ ಐರನ್, ತವರ 60, ಸೀಸ 40 ಪಾಲಿನ ಬೆಸುಗೆ ತಂತಿ. ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ ಇಳಿಯುವುದು ಗೊತ್ತಿದ್ದದ್ದೇ. 230 ಇರಬೇಕಾದ ಕಡೆ 180 ವೋಲ್ಟ್ ಬಂದರೆ 25 ವಾಟಿನ ಐರನ್ ಹೆಚ್ಚುಕಮ್ಮಿ 15 ವಾಟಿಗೆ ಇಳಿಯುತ್ತದೆ. ತಂತಿ ಕರಗುತ್ತದೆ ನಿಜ, ಆದರೆ ಪ್ಯಾಡ್ (ತಾಮ್ರದ ಚುಕ್ಕೆ) ಬಿಸಿಯಾಗದೆ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಕೂಡದ ಬೆಸುಗೆ, ಆಗುತ್ತದೆ. ಹಾಗಾಗಿ ಬೆಸುಗೆ ಕೆಲಸವನ್ನೆಲ್ಲ ಬೆಳಿಗ್ಗೆಯೇ ಇಟ್ಟುಕೊಂಡೆ. ಭಾಗದ ಕಾಲು ಮಂಕಾಗಿದ್ದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯಬೇಕು. ಐರನ್ ತುದಿ ಪ್ಯಾಡಿಗೂ ಕಾಲಿಗೂ ಒಟ್ಟಿಗೆ ತಾಗಬೇಕು. ತಂತಿಯನ್ನು ಐರನ್‌ಗೆ ಮುಟ್ಟಿಸದೆ ಎದುರಿನಿಂದ ಕೊಟ್ಟರೆ ಅದು ಕಾಲಿನ ಸುತ್ತ ತಾನೇ ಹರಿದು, ಅಂಚು ತೆಳುವಾಗಿ ಪ್ಯಾಡಿಗೆ ಕೂಡಿಕೊಳ್ಳುತ್ತದೆ. ಗೋಲಿಯಂತೆ ಉಬ್ಬಿ ಕೂತಿದ್ದರೆ ಮತ್ತೆ ಬಿಸಿ ಮಾಡಿ.

ಮೊದಲು ಹಾಕಿದ್ದು ಟರ್ಮಿನಲ್, 12 ವೋಲ್ಟನ್ನು 5ಕ್ಕೆ ಇಳಿಸುವ 7805 ಮತ್ತು ಅದರ ಕೆಪಾಸಿಟರ್‌ಗಳು. ಮಳೆ ಜೋರಾದಾಗಲೇ ಕರೆಂಟ್ ಹೋಗುವುದು, ಅಲ್ವಾ? ಅದಕ್ಕೆ ಮನೆಯ ಸೋಲಾರ್ ದೀಪದ 12 ವೋಲ್ಟ್ ಬ್ಯಾಟರಿಯನ್ನೇ ನೆಚ್ಚಿಕೊಂಡೆ. ಐಸಿ ಹಾಕುವ ಮೊದಲು ಖಾಲಿ ಬೇಸಿನ 7 ಮತ್ತು 20ನೇ ಪಿನ್ನಿನಲ್ಲಿ 5 ವೋಲ್ಟ್ ಬರುತ್ತಿದೆಯಾ ನೋಡಿದೆ. ಮುಂದೆ ಪ್ರತಿ ಭಾಗ ಸೇರಿಸಿದಾಗಲೂ ಬ್ಯಾಟರಿ ತೆಗೆದು, ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ, ಪಕ್ಕಪಕ್ಕದ ಪಿನ್ನುಗಳು ಕೂಡಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಎಲ್ಲ ಮುಗಿಸಿ ಒಟ್ಟಿಗೆ ಪರೀಕ್ಷೆ ಮಾಡಿದರೆ ತಪ್ಪು ಎಲ್ಲಿದೆ ಅಂತ ಹುಡುಕುವುದೇ ದೊಡ್ಡ ಕೆಲಸ.

ರೀಡ್ ಸ್ವಿಚ್ಚಿನ ವೈರಿಗೆ ಹೆಚ್ಚು ಗಮನ ಕೊಟ್ಟೆ. ಅದು ಬರುವುದು 4ನೇ ಪಿನ್ನಿಗೆ. ಐಸಿಯ ಒಳಗಿನ ಪುಲ್‌ಅಪ್ (ಸ್ವಿಚ್ ತೆರೆದಿದ್ದಾಗ ಪಿನ್ನನ್ನು 5 ವೋಲ್ಟಿನಲ್ಲಿ ಹಿಡಿದಿಡುವ ರೆಸಿಸ್ಟರ್) 20ರಿಂದ 50 ಕಿಲೋ ಓಮ್. ತೇವದಲ್ಲಿ ಸೋರುವ ಕರೆಂಟಿನ ಎದುರು ಅದು ದುರ್ಬಲ ಅನ್ನಿಸಿ, ಹೊರಗೆ 10 ಕಿಲೋ ಓಮ್ ಹಾಕಿದೆ. ಸ್ವಿಚ್ ಮುಚ್ಚುವಾಗ ಅದರುವುದಕ್ಕೆ, ಒಮ್ಮೆ ಎಣಿಸಿದ ಮೇಲೆ 100 ಮಿಲಿಸೆಕೆಂಡ್ ಏನನ್ನೂ ಎಣಿಸಬೇಡ ಅಂತ ಪ್ರೋಗ್ರಾಂನಲ್ಲಿ ಬರೆದೆ. ಇದರಿಂದ ಮಳೆ ತಪ್ಪಿಹೋಗುವುದಿಲ್ಲ. ಗಂಟೆಗೆ 100 ಮಿ.ಮೀ. ಸುರಿದರೂ ತೊಟ್ಟಿ ವಾಲುವುದು 500 ಸಲ, ಅಂದರೆ ಸುಮಾರು ಏಳು ಸೆಕೆಂಡಿಗೆ ಒಮ್ಮೆ.

ಬೆಸುಗೆ ಮುಗಿದರೆ ಕೆಲಸ ಮುಗಿಯಿತು ಅಂತ ಒಣ ಊರಿನವರು ಅಂದುಕೊಳ್ಳಬಹುದು. ಮಲೆನಾಡಿನಲ್ಲಿ ಅಲ್ಲಿಗೆ ಅರ್ಧ ಮಾತ್ರ. ಬೆಸುಗೆಯ ಸುತ್ತ ಜೇನುಬಣ್ಣದ ಅಂಟಾಗಿ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ತಂತಿಯೊಳಗೇ ಇರುವ ವಸ್ತು) ಉಳಿದಿರುತ್ತದೆ. ಕೆಲವು ಫ್ಲಕ್ಸ್ ತೇವ ಹೀರಿಕೊಂಡು ಪಿನ್‌ನಿಂದ ಪಿನ್‌ಗೆ ಕರೆಂಟ್ ಸೋರಲು ದಾರಿ ಕೊಡುತ್ತದೆ, ನಿಧಾನಕ್ಕೆ ತಾಮ್ರಕ್ಕೂ ಹಸಿರು ಹಿಡಿಯುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಒಮ್ಮೆ ತಿಕ್ಕಿದರೆ ಫ್ಲಕ್ಸ್ ಕರಗಿ ಬೋರ್ಡ್ ತುಂಬ ಹರಡುತ್ತದೆ ಅಷ್ಟೇ. ಅದು ಆರುವ ಮೊದಲೇ ಬಟ್ಟೆಯಲ್ಲಿ ಒತ್ತಿ ತೆಗೆದು, ಹೊಸ ಆಲ್ಕೋಹಾಲಿನಲ್ಲಿ ಮತ್ತೆ ತೊಳೆಯಬೇಕು. ಬಿಳಿ ಪುಡಿ ಕಂಡರೆ ಇನ್ನೂ ಉಳಿದಿದೆ ಅಂತ ಅರ್ಥ.

ಬಿಸಿಲಿಗಿಟ್ಟು ಪೂರ್ತಿ ಒಣಗಿದ ಮೇಲೆ ತೇವ ತಡೆಯುವ ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ ತೆಳ್ಳಗೆ ಸ್ಪ್ರೇ ಮಾಡಿದೆ. ಐಸಿ ಬೇಸ್, ಟರ್ಮಿನಲ್, ಗಡಿಯಾರದ ಸೆಲ್ ಕೂರುವ ಜಾಗಕ್ಕೆ ಮೊದಲೇ ಟೇಪ್ ಅಂಟಿಸಿದ್ದೆ. ಅಲ್ಲಿ ಕೋಟಿಂಗ್ ಬಿದ್ದರೆ ಸಂಪರ್ಕವೇ ಸಿಗುವುದಿಲ್ಲ.

ಡಬ್ಬಿಗೆ ವೈರ್ ಹೋಗುವುದು ತಳದಿಂದ, ವೈರನ್ನು ಬಿಗಿಯಾಗಿ ಹಿಡಿಯುವ ಕೇಬಲ್ ಗ್ಲ್ಯಾಂಡ್ ಮೂಲಕ. ಇರುವೆಗೂ ಅದೇ ತಡೆ. ವೈರನ್ನು ಡಬ್ಬಿಗಿಂತ ಕೆಳಕ್ಕೆ ಬಾಗಿಸಿ ಮೇಲೆ ತಂದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತೋಟದಿಂದ ಬರುವ ಉದ್ದ ವೈರ್‌ಗೆ ಕಿತ್ತು ಹಾಕುವಂಥ ಕನೆಕ್ಟರ್ ಇಟ್ಟಿದ್ದೇನೆ. ಕೃತ್ತಿಕೆ, ರೋಹಿಣಿಯ ಗುಡುಗು ಮಳೆ ಬರುವ ಸೂಚನೆ ಕಂಡರೆ ಅದನ್ನು ತೆಗೆದಿಡುತ್ತೇವೆ. ಆ ಹೊತ್ತಿನ ಮಳೆಯನ್ನು ಹಳೇ ಗಾಜಿನ ಅಳತೆಪಾತ್ರೆ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ.