ಎಚ್‌ಡಿಬಿ ಬ್ಲಾಕಿನ ಕೆಳಗೊಂದು ಬಸಳೆ ಚಪ್ಪರ

ಸಿಂಗಪುರದ ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಮನೆಯಲ್ಲಿದ್ದೀರಾ? ಬ್ಲಾಕಿನ ಕೆಳಗೆ ಸುಮ್ನೆ ಅಗೆಯಬೇಡಿ. ಮೊದಲು ನಿವಾಸಿಗಳ ಸಮಿತಿಯನ್ನು ಕೇಳಿ, ಟೌನ್ ಕೌನ್ಸಿಲ್ ಒಪ್ಪಿಗೆ ಬೇಕು. ಅಲ್ಲಿನ ಉದ್ಯಾನ ಮಂಡಳಿ ಎನ್‌ಪಾರ್ಕ್ಸ್ 2005ರಲ್ಲಿ ಶುರುಮಾಡಿದ 'ಕಮ್ಯೂನಿಟಿ ಇನ್ ಬ್ಲೂಮ್' ಎಂಬ ಸಮುದಾಯ ತೋಟಗಳ ಯೋಜನೆಯವರು ಸಲಹೆ ಕೊಡುತ್ತಾರೆ.

ಇಲ್ಲಿನ ಮಣ್ಣು ಜಿಗುಟು. ಕಾಂಪೋಸ್ಟ್ ಜಾಸ್ತಿ ಬೆರೆಸಿ ಮಡಿ ಎತ್ತರಿಸಿ, ಇಲ್ಲದಿದ್ದರೆ ಮಳೆಗೆ ಬೇರು ಕೊಳೆಯುತ್ತದೆ. ಮೊದಲ ಬೆಳೆಗೆ ಬಸಳೆಯೇ ಸರಿ ಅಂತೀನಿ. ಗೇಣುದ್ದ ಕಾಂಡ ತಗೊಂಡು, ಕೆಳಗಿನ ಎಲೆ ಕಿತ್ತು, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಡಿ. ಚಪ್ಪರ ಕೊಟ್ಟರೆ ತಾನೇ ಹಬ್ಬುತ್ತದೆ. ಪಕ್ಕದ ಮನೆಯ ಚೀನೀ ಅಜ್ಜಿ ಅದನ್ನು ಬೆಳ್ಳುಳ್ಳಿ ಹಾಕಿ ಹುರಿಯುತ್ತಾರೆ, ನಾವು ಹುಳಿ ಮಾಡುತ್ತೇವೆ. ಹಂಚಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಸೊಪ್ಪು ಬೇಕಾ?

ಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಲೇಬೇಡಿ. ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು. ನೀರು ಹಾಕುವ ಸರದಿಯನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಬರೆದಿಡಿ.