ಪಾಪದ ಮಾತಿಲ್ಲದೆ ಬಸಿರ ಕೂಸಿನ ಪರವಾಗಿ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನಾನು, ನಿವೃತ್ತಿಗೆ ಮೊದಲಿನಿಂದಲೂ ಮಹಿಳಾ ಸಂಘಗಳಲ್ಲಿ ಗರ್ಭಪಾತ ಬೇಡವೆಂದು, ಹುಟ್ಟುವ ಮುನ್ನಿನ ಕೂಸಿನ ಪರವಾಗಿ ಮಾತನಾಡುತ್ತ ಬಂದಿದ್ದೇನೆ. ನನಗೆ ದೇವರಲ್ಲಿ ನಂಬಿಕೆಯಿಲ್ಲ. ಮಠ, ದರ್ಗಾ, ಬುದ್ಧವಿಹಾರಗಳೆಲ್ಲ ಒಟ್ಟಿಗಿರುವ ಈ ಸೀಮೆಯಲ್ಲಿ ಒಂದು ಧರ್ಮದ ಮಾತು ಹಿಡಿದು ಹೊರಟರೆ ಅಂಗನವಾಡಿಯ ಜಮಖಾನೆಯ ಮೇಲೆ ಕೂತ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಅದು ಪರರ ಮಾತಾಗುತ್ತದೆ. ಉಳಿದ ಅರ್ಧದಷ್ಟು ಜನರಿಗೆ ‘ಪಾಪ’ ಎಂಬ ಒಂದೇ ಪದ ಬಾಯಿ ಕಟ್ಟಿಬಿಡುತ್ತದೆ.

ಬಾಯಿ ಕಟ್ಟುವುದೆಂದರೇನೆಂದು ನಾನು ಮೊದಲ ಸಭೆಯಲ್ಲೇ ಕಂಡೆ. ಅಂದು ನಾನು ಪಾಪದ ಮಾತನ್ನೇನೂ ಎತ್ತಿರಲಿಲ್ಲ, ಆದರೆ ವಾರವಾರಕ್ಕೆ ಭ್ರೂಣ ಬೆಳೆಯುವ ಚಿತ್ರಗಳ ದೊಡ್ಡ ಹಾಳೆಯನ್ನು ಗೋಡೆಗೆ ಅಂಟಿಸಿದ್ದೆ. ಹತ್ತನೆಯ ವಾರದ ಚಿತ್ರಕ್ಕೆ ಕಡ್ಡಿ ಮುಟ್ಟಿಸಿ ಬೆರಳುಗಳನ್ನು ತೋರಿಸುತ್ತಿದ್ದಾಗ, ಬಾಗಿಲ ಬಳಿ ಕೂತಿದ್ದ ಒಬ್ಬಾಕೆ ಸೆರಗು ಮುಖಕ್ಕೆ ಎಳೆದುಕೊಂಡು ಎದ್ದು ಹೋದಳು. ಸಭೆ ಮುಗಿದ ಮೇಲೆ ವಯಸ್ಸಾದ ಸದಸ್ಯೆಯೊಬ್ಬರು ನನ್ನನ್ನು ಬದಿಗೆ ಕರೆದು, “ಅಕ್ಕೋರ, ಆಕಿ ಮೊದಲೇ ನೊಂದಾಳ್ರಿ. ಗೋಡಿಗಿ ಹಚ್ಚಿದ್ದು ಆಕಿ ಎದಿಗೇ ಹಚ್ಚಿದಂಗಾತು” ಎಂದರು. ಹೆಚ್ಚೇನೂ ಹೇಳಲಿಲ್ಲ; ನಾನೂ ಕೇಳಲಿಲ್ಲ. ಆ ಹಾಳೆಯನ್ನು ನಾನು ಮತ್ತೆ ಬಿಚ್ಚಲಿಲ್ಲ.

ಅಲ್ಲಿಂದ ಮುಂದೆ ನಾನು ತರಗತಿಯಲ್ಲಿ ಹೇಳುತ್ತಿದ್ದುದನ್ನೇ ಸರಳವಾಗಿ ಹೇಳತೊಡಗಿದೆ. ಅಂಡಾಣುವೂ ವೀರ್ಯಾಣುವೂ ಕೂಡಿದಾಗ ಉಂಟಾಗುವುದು, ಸಾಮಾನ್ಯವಾಗಿ 46 ವರ್ಣತಂತುಗಳುಳ್ಳ, ತಾಯಿಯದೂ ಅಲ್ಲದ ತಂದೆಯದೂ ಅಲ್ಲದ ಬೇರೆಯದೇ ಮನುಷ್ಯಜೀವಿ. ಅಲ್ಲಿಂದ ಮುದಿವಯಸ್ಸಿನವರೆಗೆ ಆ ಬೆಳವಣಿಗೆಗೆ ಎಲ್ಲಿಯೂ ಕಡಿತವಿಲ್ಲ. ಅರಿವಿಲ್ಲದ್ದಕ್ಕೆ ಬೆಲೆಯಿಲ್ಲ ಎನ್ನುವವರಿಗೆ, ಅರಿವಳಿಕೆ ಕೊಟ್ಟು ಆಪರೇಷನ್ ಮೇಜಿನ ಮೇಲೆ ಮಲಗಿಸಿದವರ ಜೀವದ ಬೆಲೆಯೂ ಅಷ್ಟು ಹೊತ್ತು ಇಳಿಯುತ್ತದೆಯೇ ಎಂದು ಕೇಳುತ್ತೇನೆ. ಅಮೆರಿಕದ ತತ್ತ್ವಶಾಸ್ತ್ರಜ್ಞ ಡಾನ್ ಮಾರ್ಕ್ವಿಸ್ 1989ರಲ್ಲಿ ಮಂಡಿಸಿದ ವಾದದಲ್ಲಿ ಆತ್ಮದ ಪ್ರಸ್ತಾಪವೇ ಇಲ್ಲ: ಕೊಲ್ಲುವುದು ತಪ್ಪಾಗುವುದು ಅದು ಒಬ್ಬರ ಮುಂದಿನ ಬದುಕೆಲ್ಲವನ್ನೂ ಕಸಿದುಕೊಳ್ಳುವುದರಿಂದ, ಮತ್ತು ಭ್ರೂಣಕ್ಕೂ ನಮ್ಮಂಥದೇ ಮುಂದಿನ ಬದುಕೊಂದಿದೆ.

ನಮ್ಮ ಭಾಷೆಯಲ್ಲಿ ‘ಹೆಣ್ಣು ಭ್ರೂಣಹತ್ಯೆ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ, ಅದನ್ನು ತಡೆಯಲು 1994ರ ಕಾಯ್ದೆಯೂ ಇದೆ. ಅಲ್ಲಿ ತಪ್ಪಿರುವುದು ಹೆಣ್ಣೆಂದು ಆರಿಸಿ ತೆಗೆಸುವ ತಾರತಮ್ಯದಲ್ಲಿ ಎಂದು ಸ್ತ್ರೀವಾದಿ ಗೆಳತಿಯರು ಹೇಳುವುದು ನನಗೆ ಗೊತ್ತು. ತಾರತಮ್ಯ ನಿಜ; ಆದರೆ ‘ಹತ್ಯೆ’ ಎಂದು ನಾವೇ ಕರೆದ ಮೇಲೆ, ಹತವಾದದ್ದು ಏನು ಎಂಬ ಪ್ರಶ್ನೆ ಗಂಡು ಭ್ರೂಣದ ಮುಂದೆ ಬಂದಾಗ ಸುಮ್ಮನಾಗಬಾರದು.

ನನ್ನನ್ನು ಬಹುಕಾಲ ಕಾಡಿದ್ದು ಅಮೆರಿಕದ ತತ್ತ್ವಶಾಸ್ತ್ರಜ್ಞೆ ಜೂಡಿತ್ ಜಾರ್ವಿಸ್ ಥಾಮ್ಸನ್ 1971ರಲ್ಲಿ ಎತ್ತಿದ ಆಕ್ಷೇಪ. ಭ್ರೂಣಕ್ಕೆ ಬದುಕುವ ಹಕ್ಕಿದೆಯೆಂದೇ ಒಪ್ಪಿದರೂ, ಮತ್ತೊಬ್ಬರ ಉಳಿವಿಗಾಗಿ ತಿಂಗಳುಗಟ್ಟಲೆ ತನ್ನ ದೇಹವನ್ನು ಕೊಡಬೇಕೆಂದು ಯಾರನ್ನೂ ಕಟ್ಟಿಹಾಕುವಂತಿಲ್ಲ ಎಂಬುದು ಅವರ ವಾದ. ತಾಯಿ–ಮಗು ಅಪರಿಚಿತರಲ್ಲ ಎಂಬ ಉತ್ತರ ನನ್ನಲ್ಲಿದೆ, ಮತ್ತು ಅದು ಸರಿಯೆಂದೇ ನಂಬಿದ್ದೇನೆ. ಆದರೂ ಹೊರುವವಳು ಅವಳು, ಹೇಳುವವಳು ನಾನು. ತಾಯಿಯ ಜೀವಕ್ಕೇ ಅಪಾಯವಿದ್ದಲ್ಲಿ ನಾನು ವಾದವನ್ನೇ ಎತ್ತುವುದಿಲ್ಲ. ಉಳಿದ ಕಡೆ, ಹೊರು ಎಂದು ಹೇಳಿದವಳು ಹೊರೆಯ ಒಂದು ತುದಿಯನ್ನು ಹಿಡಿಯಲೇಬೇಕು.

ಇದು ನನಗೆ ತಿಳಿದದ್ದು ವಾದದಿಂದಲ್ಲ, ಒಂದು ಮನೆಯ ಅಡುಗೆಕೋಣೆಯಲ್ಲಿ. ಇಬ್ಬರು ಹೆಣ್ಣುಮಕ್ಕಳ ತಾಯಿ, ಗಂಡ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದವನು. ಮೂರನೆಯದು ಹೊಟ್ಟೆಯಲ್ಲಿ ನಿಂತಿತ್ತು. ಔಷಧ ಅಂಗಡಿಯಿಂದ ಗುಳಿಗೆ ತರಿಸಲು ಹೊರಟಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ವಾಲಿಸಿದಳು. ತಳದಲ್ಲಿ ಒಂದು ಹಿಡಿಯಷ್ಟಿತ್ತು. “ನೀವು ಹೇಳೋದು ಖರೆ ಅದರಿ ಅಕ್ಕೋರ. ತೊಗರಿ ರಾಶಿ ಆಗೋತನಕ ಇಷ್ಟೇ ನೋಡ್ರಿ.” ಬಸುರಿಯರಿಗೆ ಕೇಂದ್ರ ಸರ್ಕಾರ ನೆರವು ಕೊಡುವ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ, ಮೂರನೆಯದಕ್ಕೆ ಏನೂ ಇಲ್ಲ. ಅಂದು ಸಂಜೆಯೇ ನಾವು ಐವರು ಗೆಳತಿಯರು ಕೂತು ಲೆಕ್ಕ ಹಾಕಿ, ಆಕೆಯ ಬಾಣಂತನ ಮುಗಿಯುವ ತನಕ ತಿಂಗಳಿಗಿಷ್ಟು ಜೋಳ, ಬೇಳೆ, ಎಣ್ಣೆಯೆಂದು ಹಂಚಿಕೊಂಡೆವು. ಗುಳಿಗೆ ತರಿಸಲಿಲ್ಲ. ಮಗು ಮೂರನೆಯದೂ ಹೆಣ್ಣು. ಈಗ ಅಂಗನವಾಡಿಗೆ ಹೋಗುತ್ತದೆ.

ಅಮೆರಿಕದಲ್ಲಿ 2009ರಲ್ಲಿ ಶುರುವಾದ ಸೆಕ್ಯುಲರ್ ಪ್ರೊ-ಲೈಫ್ ಎಂಬ, ಧರ್ಮದ ಮಾತಿಲ್ಲದೆ ಗರ್ಭಪಾತವನ್ನು ವಿರೋಧಿಸುವ ಸಂಸ್ಥೆಯಿದೆ. ಅಲ್ಲಿನ ಹೋರಾಟದ ದೊಡ್ಡ ಪಾಲು ಕೋರ್ಟು, ಶಾಸನಸಭೆಗಳ ಸುತ್ತ ನಡೆಯುತ್ತದೆ. ನನಗೆ ಹತ್ತಿರವೆನಿಸುವುದು 1863ರ ಪುಣೆ. ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಅಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದು, ಬಸುರಾದ ವಿಧವೆಯರನ್ನು ಹೆರಿಗೆಗೆ ಕರೆದರು, ಅಂಥ ತಾಯಿಯೊಬ್ಬಳ ಮಗ ಯಶವಂತನನ್ನು ತಾವೇ ದತ್ತು ಪಡೆದರು. ಅಲ್ಲಿ ಪ್ರಶ್ನೆ ಹುಟ್ಟಿದ ಕೂಸಿನದಾಗಿತ್ತು, ನಿಜ. ಆದರೆ ಬೈಯುವ ಬದಲು ಬಾಗಿಲು ತೆರೆದ ಆ ಕ್ರಮ ನನ್ನ ಕೆಲಸಕ್ಕೆ ಮಾದರಿ.

ಕೆಲವು ಕಟ್ಟುಗಳನ್ನು ನಾನೇ ಹಾಕಿಕೊಂಡಿದ್ದೇನೆ. ತೆಗೆಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಹೆದರಿಸುವುದಿಲ್ಲ. ಕಲಿತ ವೈದ್ಯರ ಕೈಯಲ್ಲಿ ಅದು ಸುಳ್ಳು, ಸುಳ್ಳಿನ ಮೇಲೆ ನಿಂತ ವಾದ ನನಗೆ ಬೇಡ. ಗರ್ಭಪಾತದ ಕುರಿತ 1971ರ ಕಾಯ್ದೆ, 2021ರ ತಿದ್ದುಪಡಿಯಂತೆ, 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ, ಕೆಲವು ವರ್ಗದ ಹೆಂಗಸರಿಗೆ 24 ವಾರಗಳವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಅವಕಾಶ ಕೊಡುತ್ತದೆ. ಕೇಳಿದವರಿಗೆ ಇದನ್ನು ಮುಚ್ಚಿಡುವುದಿಲ್ಲ. ಸಾಕಲಾಗದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಕಾನೂನುಬದ್ಧವಾಗಿ ಒಪ್ಪಿಸಬಹುದು, ಮನಸ್ಸು ಬದಲಿಸಲು ಎರಡು ತಿಂಗಳ ಸಮಯವಿರುತ್ತದೆ ಎಂಬುದನ್ನೂ ಹೇಳುತ್ತೇನೆ. ಇದು ಬಹಳ ಮಂದಿಗೆ ಗೊತ್ತೇ ಇಲ್ಲ. ಯಾರ ಹೆಸರನ್ನೂ ಬರೆದಿಡುವುದಿಲ್ಲ.

ಕಳೆದ ಮಳೆಗಾಲದಲ್ಲಿ ಒಬ್ಬಾಕೆ ನನ್ನ ಮಾತೆಲ್ಲ ಕೇಳಿಯೂ ಸರ್ಕಾರಿ ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡು ಬಂದಳು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಗಾದ ಮೇಲೆ ಗಂಜಿ ಕಾಯಿಸಿ ಒಯ್ದೆ. ಅವಳು ಬಾಗಿಲು ತೆಗೆದು, ಒಳಗೆ ಬರುವಂತೆ ಕೈಸನ್ನೆ ಮಾಡಿದಳು.